ನೀರು ಏರದ ದಿಬ್ಬ

ಶಹಾಪುರ
೧೮ ಸೆಪ್ಟೆಂಬರ್ ೨೦೧೭

ಪ್ರೀತಿಯ ಅತ್ತೆಮ್ಮನಿಗೆ ಸೊಸೆ ಮೋನಮ್ಮನ ಶರಣು.

ನಿಮ್ಮ ಮೊಣಕಾಲು ಹೇಗಿದೆ? ವಡಗೇರಾದಲ್ಲಿ ನಿಮ್ಮ ಮಗಳು ದೇವಕಕ್ಕ ಬಿಸಿನೀರು ಕಾಸಿ ಕೊಡುತ್ತಾಳೋ, ಮೊಮ್ಮಗಳ ಬಾಣಂತನವೆಂದು ಕರೆಸಿಕೊಂಡು ಎಲ್ಲವನ್ನೂ ನಿಮ್ಮಿಂದಲೇ ಮಾಡಿಸುತ್ತಾಳೋ? ಅಕ್ಕಾ, ಓದಿ ಹೇಳುವವಳು ನೀನೇ ಎಂದು ಗೊತ್ತಿದ್ದೇ ಬರೆದಿದ್ದೇನೆ! ಫೋನಿನಲ್ಲಿ ಕೂಗಿದರೂ ಅತ್ತೆಮ್ಮನಿಗೆ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ.

ನೀವು ಕಲಿಸಿದ ಜೋಳದ ಅಡುಗೆಗಳನ್ನು ಮೊಬೈಲಿನಲ್ಲಿ ಬರೆದು ಹಾಕುತ್ತೇನಲ್ಲ, ಆ ‘ರೊಟ್ಟಿ ಬುಟ್ಟಿ’ ಜಾಲತಾಣಕ್ಕೆ ಜಾಹೀರಾತು ತರಬೇಕೆಂದು ಮಳೆಗಾಲವಿಡೀ ಹೆಣಗಿದೆ. ಮೊದಲು ಕೇಕು, ನೂಡಲ್ಸು, ಸೀರೆಯ ಕುಚ್ಚು ಎಲ್ಲ ತುರುಕಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಅದನ್ನೆಲ್ಲ ಕಿತ್ತು ಜೋಳವೊಂದನ್ನೇ ಉಳಿಸಿದೆ. ವಾರಕ್ಕೊಂದು ಬರಹ, ಬೆಳಗಿನ ಬಿಸಿಲಿನಲ್ಲಿ ತೆಗೆದ ಫೋಟೋ. ದುಡಿಯಲು ಪುಣೆ, ಮುಂಬೈ ಸೇರಿದ ನಮ್ಮ ಕಡೆಯ ಹೆಣ್ಣುಮಕ್ಕಳು ಓದತೊಡಗಿದರು. ಅವರು ಎಲ್ಲಕ್ಕಿಂತ ಹೆಚ್ಚು ಕೇಳುವುದು ಎಳ್ಳಮಾಸೆಗೆ ನಿಂತ ಬೆಳೆಯ ನಡುವೆ ಅಡುಗೆ ಚೆಲ್ಲಿ ಭೂತಾಯಿಗೆ ಉಣಿಸುವ ಚರಗ. ಹೋದ ವರ್ಷ ಭತ್ತ ಕೊಯ್ದ ಗದ್ದೆಯಲ್ಲಿ ನಿಂತು ಚರಗ ಚೆಲ್ಲಿದ ಫೋಟೋ ಹಾಕಿದ್ದೆನಲ್ಲ, ಕೆಂಭಾವಿಯ ಸಾಯಬಮ್ಮ ಕೆಳಗೆ ಬರೆದಳು: “ಯವ್ವಾ, ಕೆಸರಾಗ ಚರಗಾ ಚೆಲ್ಲಿ ಯಾರಿಗಿ ಉಣಸಾಕತ್ತಿ, ಕಪ್ಪಿಗೇನು?” ನಕ್ಕೆ, ಆಮೇಲೆ ಅಳು ಬಂತು. ನಾನು ಮದುವೆಯಾಗಿ ಬಂದಾಗ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದಿರಲಿಲ್ಲ. ಎಳ್ಳಮಾಸೆಯ ದಿನ ನೀವು ಅಂಬಲಿಯ ಗಡಿಗೆ ಹೊತ್ತು ಮುಂದೆ, ನಾನು ಹಿಂದೆ. ಆಳೆತ್ತರದ ಜೋಳದಲ್ಲಿ ನೀವು ಕಾಣದೆ ಬಳೆಯ ಸದ್ದು ಹಿಡಿದು ನಡೆದಿದ್ದೆ. ಆ ಹೊಲ ಈಗಲೂ ಕನಸಿಗೆ ಬರುತ್ತದೆ.

ಕಾಲುವೆ ಬಂದ ಮೇಲೆ ಅದೆಲ್ಲ ಭತ್ತದ ಗದ್ದೆಯಾಯಿತು. ಈಗ ಜೋಳಕ್ಕೆಂದು ಉಳಿದಿರುವುದು ಹೊಲದ ತುದಿಯ, ಕಾಲುವೆ ನೀರು ಏರದ ಆ ದಿಬ್ಬವೊಂದೇ. ಅದನ್ನೂ ಜೆಸಿಬಿಯಿಂದ ಸಮ ಮಾಡಿ ಭತ್ತ ಹಚ್ಚುತ್ತೇನೆಂದು ನಿಮ್ಮ ಮಗ ಹಟ ಹಿಡಿದಾಗ ನೀವು ಅಂದಿರಿ: “ನೀರ ಏರಲಿಲ್ಲಂದ್ರ ಏನಾತು, ಜ್ವಾಳಕ್ಕ ಇಬ್ಬನಿ ಸಾಕು. ಕೆಡವೂದಿದ್ರ ನನ್ನ ಕಣ್ಣ ಮುಂದ ಬ್ಯಾಡ.” ಅಕ್ಕ ಬಾಣಂತನಕ್ಕೆ ಕರೆದದ್ದೇ ನೆಪವಾಗಿ ಮರುದಿನವೇ ಬಸ್ಸು ಹತ್ತಿದಿರಿ.

ಅತ್ತೆಮ್ಮ, ಕಲಬುರಗಿಯ ಒಂದು ಜೋಳದ ಹಿಟ್ಟಿನ ಕಂಪನಿಗೆ ಬರೆದಿದ್ದೆ. “ನಿಮ್ಮದೇ ಹೊಲದಲ್ಲಿ, ನಿಂತ ಜೋಳದ ನಡುವೆ ಚರಗದ ಫೋಟೋ ಕೊಟ್ಟರೆ ಜಾಹೀರಾತಿನ ಮಾತಾಡೋಣ” ಎಂದು ಬರೆದರು. ಅದನ್ನು ನಿಮ್ಮ ಮಗನಿಗೆ ತೋರಿಸಿದೆ. ಜೆಸಿಬಿ ಬಾಗಿಲಿಗೇ ಬಂದಿತ್ತು, ತಿರುಗಿಸಿ ಕಳಿಸಿದರು. ಅಟ್ಟದ ಮೇಲಿನ ಕೂರಿಗೆ ಇಳಿಸಿ ಧೂಳು ಕೊಡವಿ, “ಅಮಾಸಿ ಮುಗದ ಮ್ಯಾಲ ಶುಕ್ರವಾರ ಬಿತ್ತೂನು. ಆದ್ರ ಅವ್ವ ಇಲ್ಲದ ಬೀಜ ಯಾರ ಬಿಡಬೇಕು?” ಎಂದರು. ನಿಮ್ಮನ್ನು ಕರೆಯಲು ಅವರಿಗೆ ನಾಚಿಕೆ, ನನಗಿಲ್ಲ.

ಬಾಣಂತಿಗೆ ಬೆಚ್ಚಗಿರಲು ಹೇಳಿ, ಕೂಸಿಗೆ ನನ್ನದೊಂದು ಮುತ್ತು ಕೊಡಿ.

ನಿಮ್ಮ ಸೊಸೆ,
ಮೋನಮ್ಮ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಕಂಪನಿಯವರ ಉತ್ತರ ಬಂತು. ಈ ವರ್ಷ ಜಾಹೀರಾತು ಕೊಡುವುದಿಲ್ಲವಂತೆ. ನಿಮ್ಮ ಮಗನಿಗೆ ಹೇಳಿಲ್ಲ, ಜೋಳ ಮೊಳೆತ ಮೇಲೆ ಹೇಳುತ್ತೇನೆ. ದೇವಕಕ್ಕಾ, ಫೋನಿನಲ್ಲಿ ತುಟಿ ಬಿಚ್ಚಬೇಡ. ಕಂಡಕ್ಟರ್ ಮಾನಪ್ಪನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಅತ್ತೆಮ್ಮ, ಗುರುವಾರ ಅವನ ಬಸ್ಸಿಗೇ ಬಂದುಬಿಡಿ.