ಟವೆಲು ನಿನ್ನ ಹೆಗಲ ಮೇಲೇ ಇತ್ತು

ಯಾಂಬೋಲ್,
ಮಾರ್ಚ್ 17, 2011

ತಮ್ಮಾ ದೆಲ್ಚೊ,

ಹೇಗಿದ್ದೀಯ? ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪದೆ ನುಂಗ್ತಿದ್ದೀಯಾ? ಕೇಳಬಾರದು ಅಂತಲೇ ಪೆನ್ನು ಹಿಡಿದೆ, ಒಡಹುಟ್ಟಿದ ಕರ್ಮ, ಕೇಳಿಬಿಟ್ಟೆ. ಫೋನ್ ಮಾಡಿದಾಗಲೆಲ್ಲ ಕಟ್ ಮಾಡ್ತೀಯ. ಕಾಗದ ಕಟ್ ಮಾಡೋಕಾಗಲ್ಲ, ಕೊನೆವರೆಗೂ ಓದು.

ಮೊಮ್ಚಿಲ್ ಮನೆಗೆ ಬಂದು ಹನ್ನೆರಡು ದಿನ ಆಯ್ತು. ನನ್ನ ಮಗ, ಏಳನೇ ವಯಸ್ಸಿಗೇ ನೀನು ಬಾಕ್ಸಿಂಗ್ ಗ್ಲೌಸು ತೊಡಿಸಿದ ಹುಡುಗ, ಈಗ ಅಂಗಿ ಗುಂಡಿ ಹಾಕೋಕೆ ನನ್ನನ್ನ ಕರೀತಾನೆ. ತಲೆಗೆ ಇನ್ನೊಂದು ಏಟು ಬಿದ್ದರೆ ಉಳಿಯಲ್ಲ ಅಂತ ಡಾಕ್ಟರು ನೇರವಾಗೇ ಹೇಳಿದಾರೆ. ಅದನ್ನ ಮೊದಲು ತಿಳ್ಕೋ, ಆಮೇಲೆ ನನ್ನ ಬೈಗುಳ ಓದು.

ಪಂದ್ಯದ ದಿನ ಇಡೀ ಬೀದಿ ನಮ್ಮ ಮನೇಲಿತ್ತು. ಪಕ್ಕದ ಮನೆ ಗಿನ್ಕಾ ಬಾನಿತ್ಸಾ ಬೇಯಿಸಿ ತಂದಿದ್ದಳು. "ರಾದ್ಕಾ, ನಿನ್ನ ಮಗ ಮೂವತ್ತು ದೇಶದ ಟೀವೀಲಿ ಬರ್ತಾನಂತೆ, ಇನ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೇನೇ" ಅಂತ ಕಿಚಾಯಿಸ್ತಿದ್ದಳು. ರಿಂಗು ಜರ್ಮನಿಯದು, ಎದುರಾಳಿ ಕಜಕಸ್ತಾನದವನು, ರೆಫ್ರಿ ಪನಾಮಾದವನು. ಎಂಟನೇ ಸುತ್ತಿನಲ್ಲಿ ನಮ್ಮ ಹುಡುಗ ಬಿದ್ದು ಎದ್ದಾಗ, ಮುಂದುವರಿಸ್ತೀಯಾ ಅಂತ ರೆಫ್ರಿ ಕೇಳಿದ. ಮೊಮ್ಚಿಲ್ ತಲೆ ಮೇಲಕ್ಕೂ ಕೆಳಕ್ಕೂ ಆಡಿಸಿದ. ಪನಾಮಾದವನ ಪಾಲಿಗೆ ಅದು ಹೂಂ. ನಮ್ಮ ದೇಶದಲ್ಲಿ ಹಾಲು ಕುಡಿಯೋ ಕೂಸಿಗೂ ಗೊತ್ತು, ತಲೆ ಹಾಗೆ ಆಡಿಸಿದರೆ ಬೇಡ ಅಂತ. ಗಿನ್ಕಾ ತಟ್ಟೆ ಕೆಳಗಿಟ್ಟು "ಬೇಡ ಅಂದನಲ್ಲೇ" ಅಂದಳು. ರೆಫ್ರಿಯನ್ನ ನಾನು ಬೈಯಲ್ಲ, ಪಾಪ, ಅವನಿಗೇನು ಗೊತ್ತು. ಅಷ್ಟು ದೇಶದವರ ನಡುವೆ ನಮ್ಮವನು ಅಂತ ಇದ್ದಿದ್ದು, ಅವನ ಕೋಚ್ ಆಗಿ ರಿಂಗಿನ ಮೂಲೇಲಿ ನಿಂತಿದ್ದ ನೀನೊಬ್ಬನೇ. ಕ್ಯಾಮೆರಾ ನಿನ್ನ ಕಡೆ ತಿರುಗಿತು ಕಣೋ. ಟವೆಲು ನಿನ್ನ ಹೆಗಲ ಮೇಲೇ ಇತ್ತು. ರಿಂಗಿನೊಳಕ್ಕೆ ಎಸೆದಿದ್ದರೆ ಪಂದ್ಯ ಅಲ್ಲಿಗೆ ಮುಗೀತಿತ್ತು. ನೀನು ಅದರಲ್ಲಿ ನಿನ್ನ ಮುಖ ಒರೆಸಿಕೊಂಡೆ. ಅವನು ಇನ್ನೂ ಎರಡು ಸುತ್ತು ಏಟು ತಿಂದ.

ಬಿದ್ದರೂ ಆಡ್ತೀನಿ ಅಂದ, ಸಿಂಹದ ಗುಂಡಿಗೆ ಅಂತ ಟೀವಿಯವರು ಹೊಗಳಿದರಂತೆ. ಮರುಪಂದ್ಯಕ್ಕೆ ಅಮೆರಿಕದ ಟೀವಿಯೂ ಬರುತ್ತೆ, ಮೇ ತಿಂಗಳಿಗೆ ಕಳಿಸು ಅಂತ ಮೆಸೇಜ್ ಮಾಡಿದ್ದೀಯ. ನಾಚಿಕೆ ಆಗಲ್ವಾ ನಿನಗೆ? ಅಮ್ಮ ಸತ್ತಾಗ ನಿನಗೆ ಒಂಬತ್ತು ವರ್ಷ, ತಲೆ ಹೇನು ತೆಗೆದು ಬೆಳೆಸಿದೋಳು ನಾನು. ಸೋದರಮಾವ ಅಂದರೆ ಅರ್ಧ ತಾಯಿ ಅಂತ ಮಗನನ್ನ ನಿನ್ನ ಕೈಗೆ ಕೊಟ್ಟೆ. ನೆಚ್ಚಿದ ಎಮ್ಮೆ ಕೋಣ ಈಯಿತು.

ನಿನ್ನ ಹೆಂಡತಿಗೂ ಮಗಳಿಗೂ ನನ್ನ ಪ್ರೀತಿ ತಿಳಿಸು. ನಿನಗೆ ಆಶೀರ್ವಾದ ಬರೆಯೋಕೆ ಇವತ್ತು ಮನಸ್ಸಿಲ್ಲ.

ನಿನ್ನ ಅಕ್ಕ,
ರಾದ್ಕಾ

ತಾ.ಕ.: ಈಗ ಒಗೆಯೋಕೆ ಅಂತ ಮೊಮ್ಚಿಲ್ ಕೋಟು ತೆಗೆದರೆ ಜೇಬಲ್ಲಿ ಬಸ್ ಟಿಕೆಟ್ ಸಿಕ್ತು. ಇಪ್ಪತ್ತೆಂಟಕ್ಕೆ, ನಿನ್ನೂರಿಗೆ. ಬೇಡ ಅಂದಿದ್ದು ಅವನಿಗೇ ನೆನಪಿಲ್ಲ ದೆಲ್ಚೊ. ಟೀವಿ ಹೇಳಿದ್ದನ್ನೇ ನಿಜ ಅಂದುಕೊಂಡಿದಾನೆ. ನಾನು ಹೇಳಿದರೆ ಪುಕ್ಕಲು ಹೆಂಗಸು ಅಂತಾನೆ, ನಿನ್ನ ಮಾತಾದರೆ ಕೇಳ್ತಾನೆ. ಬಾಗಿಲಿಗೆ ಬಂದಾಗ ಒಳಗೆ ಕರೆದು ಊಟ ಹಾಕು. "ಅವತ್ತು ರಿಂಗಲ್ಲಿ ನೀನು ಬೇಡ ಅಂದೆ, ನಿನ್ನ ಮಾವ ನಾನೇ ನೋಡಿದೆ" ಅಂತ ಅವನಿಗೆ ಹೇಳು. ತಲೆ ಆಡಿಸಬೇಡ, ಬಾಯಿಬಿಟ್ಟು ಹೇಳು.