ಗಂಡನಿದ್ದರೆ ಗಂಡನ ಸಹಿ

೧೮ ಜೂನ್ ೧೯೮೪, ಸೋಮವಾರ

ಬೆಳಗ್ಗೆಯೇ ವಾಂತಿ. ಆಮೇಲೆ ಕುಡಿದ ಗಂಜಿ ಹೊಟ್ಟೆಯಲ್ಲಿ ನಿಂತಿತು. ಇನ್ನು ಇಂಜೆಕ್ಷನ್ ಇಲ್ಲ, ಮೊನ್ನೆಯದೇ ಕೊನೆಯದು. ಬೆಂಗಳೂರಿನ ಡಾಕ್ಟರು ಎಡಗಡೆ ಎದೆಯ ಗಂಟು ಒತ್ತಿ ನೋಡಿ, “ಚೆನ್ನಾಗಿ ಕರಗಿದೆ. ಈಗ್ಲೇ ಆಪರೇಷನ್ ಆಗ್ಬೇಕು, ತಡ ಮಾಡಿದ್ರೆ ಮತ್ತೆ ಬೆಳೆಯುತ್ತೆ” ಅಂದರು. ಜುಲೈ ಒಂಬತ್ತಕ್ಕೆ ಅಡ್ಮಿಷನ್. ಕರೆದುಕೊಂಡು ಹೋಗಿದ್ದವನು ಕುಣಿಗಲ್ಲಿನ ನಮ್ಮಣ್ಣ ಸುಬ್ಬಕೃಷ್ಣ. ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸೈನ್ ಹಾಕಲು ಪೆನ್ನು ತೆಗೆದ. ಆಸ್ಪತ್ರೆಯ ಗುಮಾಸ್ತ ತಲೆಯೆತ್ತಲೂ ಇಲ್ಲ. “ಗಂಡ ಇದ್ರೆ ಗಂಡನ ಸೈನೇ ಆಗ್ಬೇಕು. ಇಲ್ದಿದ್ರೆ ಮಾತ್ರ ಮನೆ ಹಿರಿಯರದ್ದು.”

ಗಂಡ ಇದ್ದಾರೆ. ತುಮಕೂರಿನಲ್ಲಿ, ಆಫೀಸಿನಲ್ಲಿ, ರಜೆ ಸಿಗದೆ. ಒಂದು ಸಲವೂ ರಜೆ ಸಿಗಲಿಲ್ಲ ಇವರಿಗೆ.

೨೦ ಜೂನ್

ತಲೆ ಪೂರ್ತಿ ಬೋಳು. ಹುಬ್ಬೂ ಉದುರುತ್ತಿದೆ. ಮನೆಯಲ್ಲಿ ಈಗ ಎರಡು ಬೋಳು ತಲೆ — ಅತ್ತೆಯದೊಂದು, ನನ್ನದೊಂದು. ಅತ್ತೆಯದು ಹತ್ತೊಂಬತ್ತಕ್ಕೇ ತೆಗೆಸಿದ್ದು, ಮಾವ ಹೋದಾಗ. ಇವರು ಆಗ ಕೈಗೂಸು. ನನ್ನದು ಔಷಧಿ ತೆಗೆದದ್ದು. ನೋಡುವವರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

“ಮುಂದ್ಗಡೆ ಬರ್ಬೇಡ ಕಣೇ, ಜನ ಓಡಾಡ್ತಿರ್ತಾರೆ” — ಇವರು. ಕಾಯಿಲೆಯ ಸುದ್ದಿ ನೆಂಟರಿಗೆ ತಿಳಿಸಕೂಡದೆಂದೂ ಕಟ್ಟಪ್ಪಣೆ. ಇವರ ಹಳೇ ಪಂಚೆಯ ತುಂಡು ತಲೆಗೆ ಸುತ್ತಿಕೊಂಡು ಅಡುಗೆಮನೆ, ಹಿತ್ತಲು, ಮತ್ತೆ ಅಡುಗೆಮನೆ. ಬೋನಿನ ಹುಲಿಯನ್ನಾದರೂ ಜನ ಟಿಕೆಟ್ ಕೊಟ್ಟು ನೋಡುತ್ತಾರೆ.

೨೩ ಜೂನ್, ಶನಿವಾರ

ಸ್ನಾನ ಮಾಡಿ ಹಿತ್ತಲಿಗೆ ಬಂದೆ. ತಲೆಗೆ ಬಟ್ಟೆ ಸುತ್ತಿರಲಿಲ್ಲ, ಕುಂಕುಮ ಇನ್ನೂ ಇಟ್ಟಿರಲಿಲ್ಲ. ಸೂಜಿ ಚುಚ್ಚಿದ ಕೈ ಊದಿದೆಯೆಂದು ಬಳೆ ಮೊದಲೇ ತೆಗೆದಿದ್ದೆ. ನೋಡಿದರೆ ಹಿತ್ತಲ ಬಾಗಿಲಲ್ಲಿ ಗುಬ್ಬಿಯ ಜಯರಾಮಯ್ಯನವರು, ಇವರ ಚಿಕ್ಕಪ್ಪ, ಬಾಳೆಕಾಯಿ ಹಿಡಿದು ನಿಂತಿದ್ದಾರೆ. ನನ್ನನ್ನು ಕಂಡವರೇ “ಅಯ್ಯೋ ರಾಮ!” ಎಂದು, ಬಾಳೆಕಾಯಿ ಅಲ್ಲೇ ಇಟ್ಟು, ಬಂದ ದಾರಿಯಲ್ಲೇ ಹೊರಟುಬಿಟ್ಟರು. ಕರೆದೆ. ತಿರುಗಲಿಲ್ಲ.

೨೪ ಜೂನ್

ನಗಬೇಕೋ ಅಳಬೇಕೋ. ಬೆಳಗ್ಗೆ ಗುಬ್ಬಿಯಿಂದ ಒಂದು ಗುಂಪೇ ಬಂತು. ಬಾಗಿಲಲ್ಲೇ ಗೋಳು — “ಪಟ್ಟಾಭೀ… ಹಿಂಗ್ ಮಾಡ್ಬಿಟ್ಯೇನೋ!”

ಪಟ್ಟಾಭಿರಾಮ ಜಗಲಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. (ಗಂಡನ ಹೆಸರು ಬರೆಯಬಾರದಂತೆ. ಬರೆದೆ.) ತಟ್ಟೆ ಕೈಯಿಂದ ಬಿತ್ತು.

“ಕಣ್ಣಾರೆ ನೋಡ್ದೆ ಅತ್ತಿಗೆ. ತಲೆ ಬೋಳು, ಕುಂಕುಮ ಇಲ್ಲ, ಬಳೆ ಇಲ್ಲ… ನಾನೇನಂದ್ಕೋಬೇಕು?” ಎಂದು ಜಯರಾಮಯ್ಯನವರು ಅತ್ತೆಯ ಮುಂದೆ ಕೈ ಮುಗಿದರು. ಇವರು ಸತ್ತರೆಂದು ಅಲ್ಲಿ ಎಲ್ಲರೂ ಸಾವಿನ ಸ್ನಾನ ಮಾಡಿ ಮುಗಿಸಿದ್ದಾರಂತೆ.

“ಆಯಸ್ಸು ಹೆಚ್ಚಾಯ್ತು ಬಿಡಿ” ಎಂದು ಅತ್ತೆ ಕಾಫಿಗೆ ನೀರಿಟ್ಟರು. ನಾನು ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಎಷ್ಟು ಕಾಲವಾಗಿತ್ತು ನಕ್ಕು.

೨ ಜುಲೈ

ನಗು ಮುಗಿಯಿತು. ಇವರು ಜೋಯಿಸರನ್ನು ಕಂಡು ಬಂದರು. ಬದುಕಿರುವವರಿಗೆ ಸಾವಿನ ಸ್ನಾನ ಆಗಿಬಿಟ್ಟಿದೆ, ಪ್ರಾಣಕ್ಕೆ ಕಂಟಕ, ಶಾಂತಿ ಮಾಡಿಸುವ ತನಕ ಹೆಂಡತಿ ಕೊರಳಿನ ತಾಳಿ ಕಳಚಕೂಡದು ಅಂದರಂತೆ. ಆಪರೇಷನ್ನಿಗೆ ಮೈಮೇಲೆ ತಾಳಿಯೂ ಸೇರಿ ಒಡವೆಯೇನೂ ಇರುವಂತಿಲ್ಲ.

“ಶಾಂತಿಗೆ ಆಷಾಢ ಆಗಲ್ಲ. ಆಪರೇಷನ್ ಶ್ರಾವಣದಲ್ಲಿ ನೋಡೋಣ.”

“ತಡ ಮಾಡ್ಬೇಡಿ ಅಂದಿದಾರೆ ಡಾಕ್ಟ್ರು.”

“ನಾನು ಸತ್ರೆ ಪರವಾಗಿಲ್ವಾ ನಿಂಗೆ?”

ನಾನು ಸತ್ತರೆ ನಿಮಗೆ? ಕೇಳಲಿಲ್ಲ. ಇವರ ಹೆದರಿಕೆ ನಿಜವೇ. ಆದರೂ ಸಿಟ್ಟು… ಹಿತ್ತಲ ಬಾಗಿಲಿಗೂ ಈಗ ಬೀಗ.

೬ ಜುಲೈ

ಗಂಟು ಮುಟ್ಟಿ ನೋಡಿದೆ. ದೊಡ್ಡದಾಗಿದೆಯೋ, ಬರೀ ಭಯವೋ, ತಿಳಿಯದು. ಎದೆ ಹೋದರೆ ಹೋಗಲಿ. ನನಗೆ ಸಾಯಲು ಇಷ್ಟವಿಲ್ಲ.

೮ ಜುಲೈ, ಭಾನುವಾರ, ಮಧ್ಯಾಹ್ನ

ಇವರು ಊಟ ಮಾಡಿ ಮಲಗಿದ್ದರು. ಅತ್ತೆ ಬಂದು ಪಕ್ಕದಲ್ಲಿ ಕೂತರು. ಮಡಿಯಲ್ಲಿರುವಾಗ ಯಾರನ್ನೂ ಮುಟ್ಟುವವರಲ್ಲ. ನನ್ನ ಬೋಳು ತಲೆಯ ಮೇಲೆ ಕೈಯಿಟ್ಟರು.

“ನನ್ನ ಕೂದ್ಲು ತೆಗೆಸ್ದಾಗ ಯಾವ ಜೋಯಿಸ್ರೂ ಆಷಾಢ ನೋಡ್ಲಿಲ್ಲ ಕಣೇ. ನಾಳೆ ಮೊದಲ್ನೇ ಬಸ್ಸಿಗೆ ಹೊರಡೋಣ. ನಾನು ಸೈನ್ ಹಾಕ್ತೀನಿ.”

“ಗಂಡ ಇದ್ರೆ ಗಂಡಂದೇ ಬೇಕಂತೆ ಅತ್ತೆ.”

ಅತ್ತೆ ಇವರು ಮಲಗಿದ್ದ ಕೋಣೆಯತ್ತ ನೋಡಿದರು. ಆಮೇಲೆ, “ಇಲ್ಲ ಅಂತೀನಿ.”

ಹೆತ್ತ ಮಗನನ್ನು. ಇರುವ ಒಬ್ಬನೇ ಮಗನನ್ನು.

“ಗುಬ್ಬೀಲಿ ಹೆಂಗೂ ಸ್ನಾನ ಮಾಡಾಗಿದೆ. ನಮ್ಮಿಬ್ರನ್ನೂ ಒಟ್ಟಿಗೆ ನೋಡಿದ್ರೆ ಯಾರು ಸುಳ್ಳು ಅಂತಾರೆ? ನೀನು ಕುಂಕುಮ ಒಂದು ಅಳಿಸ್ಕೊ. ಬಸ್ಸಲ್ಲಿ ಬೇಡ, ಮನೇಲೇ ಅಳಿಸ್ಕೊ.”

ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಅಳುವುದು ಕೇಳಿಸಿತು.

೯ ಜುಲೈ, ಸೋಮವಾರ, ನಸುಕು

ಅತ್ತೆ ಹಿತ್ತಲ ಬೀಗ ತೆಗೆದಿದ್ದಾರೆ. ತಾಳಿ ರವಿಕೆಯೊಳಗೆ ಸೇರಿಸಿದೆ. ಕನ್ನಡಿ ಮುಂದಿದೆ, ಒದ್ದೆ ಬಟ್ಟೆ ಕೈಯಲ್ಲಿದೆ. ಒರೆಸುವುದು ಎಷ್ಟು ಹೊತ್ತಿನ ಕೆಲಸ! ಕೈ ಏಳುತ್ತಿಲ್ಲ. ಜೋಯಿಸರ ಮಾತು ನಂಬುವವಳಲ್ಲ ನಾನು. ನಂಬುವವಳಲ್ಲ ಅಂದುಕೊಂಡಿದ್ದೆ.

ಕೋಣೆಯಲ್ಲಿ ಇವರ ಗೊರಕೆ. ಇಷ್ಟು ವರ್ಷ ಬೈದುಕೊಂಡಿದ್ದೆ ಆ ಗೊರಕೆಯನ್ನು. ಈಗ ಕಿವಿಗೊಟ್ಟು ಕೇಳುತ್ತಿದ್ದೇನೆ. ಇದ್ದಾರೆ, ಚೆನ್ನಾಗಿದ್ದಾರೆ. ಚೆನ್ನಾಗಿರಲಿ.

“ಶಾರದಾ, ಬಸ್ಸು ಹೋಗುತ್ತೆ ಕಣೇ” — ಹಿತ್ತಲಿನಿಂದ ಅತ್ತೆ.

ಒರೆಸಿದೆ.

ಗೊರಕೆ ನಿಂತಿತು. ಇವರು ಎದ್ದರೋ, ಇಲ್ಲಾ…