ಕಣಕಾಲಿಗೆ ನಮಸ್ಕಾರ

ಗದಗ, ೨೪೧೯ನೆಯ ಇಸವಿ, ಹದಿಮೂರನೆಯ ತಿಂಗಳ ಮೂರನೆಯ ದಿನ

ನಾಲ್ಕುನೂರು ವರ್ಷಗಳ ಹಿಂದೆ ಜಿಮ್ನಾಸ್ಟಿಕ್ಸ್ ಪಟುಗಳ ಮೈಯ ಚಲನೆಯನ್ನು ಅಳೆಯುತ್ತಿರುವ ಹಿರಿಯರಿಗೆ, ತೂಗುಮನೆಯ ಶಿಕ್ಷಕಿ ಸಂಗವ್ವ ಬರೆಯುವುದು.

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನನಗೆ ಹಾಗೆಯೇ ಇದೆ. ಅದರಲ್ಲಿ ಏನನ್ನೋ ಬಚ್ಚಿಟ್ಟಂತೆ ಕಾಣುತ್ತದೆ. ಇಲ್ಲಿ ನನ್ನನ್ನು ಸಂಶಯದ ಸಂಗವ್ವ ಎಂದೇ ಕರೆಯುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರೇ ಹೇಳಿದ್ದಾರೆ, ಹಾಗಾಗಿ ಅದನ್ನು ಬೈಗುಳವೆಂದು ನಾನು ತಿಳಿದಿಲ್ಲ.

ತೂಗುಮನೆ ಎಂದರೆ ನೀವು ಜಿಮ್ ಎನ್ನುವ ಜಾಗ. ಬೆಳಿಗ್ಗೆ ಜೋಳದ ಗಂಜಿ ಕುಡಿದು ಹುಡುಗಿಯರು ಬರುತ್ತಾರೆ, ಅಂಗೈಗೆ ಬಿಳಿ ಪುಡಿ ಬಳಿದುಕೊಳ್ಳುತ್ತಾರೆ, ಕಂಬಿ ಹಿಡಿಯುವ ಮೊದಲು ಬಗ್ಗಿ ಎರಡೂ ಕಣಕಾಲುಗಳನ್ನು ಮುಟ್ಟುತ್ತಾರೆ. ಅದು ಹಿರಿಯರಿಗೆ ನಮಸ್ಕಾರ. ನೀವು ಬಿಟ್ಟುಹೋದ ಗೆರೆಮನುಷ್ಯರೆಲ್ಲ ಹಾಗೆ ಮಾಡುತ್ತಾರೆಂದು ನಾವೂ ಮಾಡುತ್ತೇವೆ. ನಿಮ್ಮ ಪಟುಗಳನ್ನು ಚಿತ್ರ ಹಿಡಿದು, ಮುಖ, ಬಟ್ಟೆಗಳನ್ನು ಅಳಿಸಿ, ಮೂಳೆಗಳ ಗೆರೆಯಷ್ಟನ್ನೇ ಉಳಿಸಿದಿರಲ್ಲ, ಅವರೇ ಗೆರೆಮನುಷ್ಯರು. ಅವರನ್ನು ನೋಡಿ ಕಲಿತ ಯಂತ್ರವೊಂದು ನಮ್ಮ ಹುಡುಗಿಯರ ಕಿವಿಯಲ್ಲಿ ಕೂತಿರುತ್ತದೆ. ಕಂಬಿಯಲ್ಲಿ ಸುತ್ತಿ, ಕೈಬಿಟ್ಟು, ಗಾಳಿಯಲ್ಲಿ ಮುದುರಿಕೊಂಡು ಉರುಳುವಾಗ ಮೈಯನ್ನು ಯಾವಾಗ ಚಾಚಬೇಕೆಂದು ಅದೇ ಕೂಗಿ ಹೇಳುತ್ತದೆ. ಆ ಕೂಗಿಗೆ ಬಿಚ್ಚುಗರೆ ಎಂದು ಹೆಸರು. ಅದಕ್ಕೂ ಮೊದಲು ಮೈ ಚಾಚಿದವರನ್ನು ಪಂದ್ಯದಿಂದ ಹೊರಗೆ ಹಾಕುತ್ತಾರೆ.

ಈ ವರ್ಷ ನನ್ನ ಮಗಳು ಮಿಂಚವ್ವ ಬಿಚ್ಚುಗರೆಗೆ ಕಾದು, ಸುತ್ತು ಹೆಚ್ಚಾಗಿ, ಕತ್ತಿನ ಮೇಲೆ ಬಿದ್ದಳು. ಪುಣ್ಯಕ್ಕೆ ಉಳಿದಳು. "ಯವ್ವಾ, ಅದು ನನಗ ಹೇಳಾಕತ್ತಿಲ್ಲ, ಮತ್ಯಾರಿಗೋ ಹೇಳಾಕತ್ತೈತಿ" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಗೆರೆಮನುಷ್ಯರನ್ನು ಮತ್ತೆ ನೋಡುತ್ತ ಕೂತೆ. ಅವರು ಕಣಕಾಲು ಮುಟ್ಟಿ ಸುಮ್ಮನಾಗುವುದಿಲ್ಲ. ಬೆರಳಿನಿಂದ ಏನನ್ನೋ ಜಗ್ಗಿ ಬಿಗಿಮಾಡುತ್ತಾರೆ. ನಮಸ್ಕಾರವನ್ನು ಯಾರಾದರೂ ಜಗ್ಗಿ ಬಿಗಿಯುತ್ತಾರೆಯೇ? ಮಗಳ ಕಣಕಾಲುಗಳಿಗೆ ಮರಳಿನ ಚೀಲ ಕಟ್ಟಿ, ಕೆಳಗೆ ಮೆತ್ತೆ ಹಾಸಿ, ಕಂಬಿ ಹತ್ತಿಸಿದೆ. ಕಾಲಿನ ತುದಿಗೆ ಭಾರ ಬಿದ್ದರೆ ಮೈ ನಿಧಾನವಾಗಿ ತಿರುಗುತ್ತದೆ. ಬಿಚ್ಚುಗರೆಗೆ ಸರಿಯಾಗಿ ಮೈ ಚಾಚಿ, ಪಾದ ಊರಿ ನಿಂತಳು. ಅಳೆಯಲೆಂದು ನಿಮ್ಮವರ ಕಾಲಿಗೆ ಭಾರದ ಪಟ್ಟಿ ಕಟ್ಟಿದವರು ನೀವು. ಬಟ್ಟೆಯ ಜೊತೆಗೆ ಅದನ್ನೂ ಅಳಿಸಿದಿರಿ. ಇಲ್ಲದ ಭಾರಕ್ಕೆ ನಾವು ತಲೆಮಾರುಗಳಿಂದ ಕಾಯುತ್ತಿದ್ದೇವೆ. ಮರೆತು ಅಳಿಸಿದಿರೋ, ಬೇಕೆಂದೇ ಅಳಿಸಿದಿರೋ, ನನಗೆ ಗೊತ್ತಿಲ್ಲ.

ಪಂದ್ಯ ನಡೆಸುವವರಿಗೆ ಹೇಳಿದೆ. ಹಿರಿಯರ ಮೇಲೂ ಅನುಮಾನವೇ ಎಂದು ಬೈದು, ಪಂದ್ಯದಲ್ಲಿ ಮರಳಿನ ಚೀಲ ಕಟ್ಟುವಂತಿಲ್ಲವೆಂದು ಹೇಳಿ ಕಳಿಸಿದರು. ನಾಳೆ ಮಿಂಚವ್ವನ ಸರದಿ. ಹೋಗಬೇಡವೆಂದರೆ ಕೇಳುವುದಿಲ್ಲ, ಬಿಚ್ಚುಗರೆಗೆ ಮೊದಲೇ ಮೈ ಚಾಚಿ ಸೋಲುವುದಕ್ಕೂ ಒಪ್ಪುವುದಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಆ ಪಟ್ಟಿಗಳನ್ನು ಬಿಚ್ಚಿ ಅಳೆಯಿರಿ. ಆಗದಿದ್ದರೆ ಮುಖ ಅಳಿಸಿ, ಪಟ್ಟಿಯನ್ನು ಮಾತ್ರ ಅಳಿಸಬೇಡಿ. ಮಾಡುತ್ತೀರೆಂಬ ನಂಬಿಕೆ ನನಗಿಲ್ಲ. ಆದರೂ ಬೆಳಿಗ್ಗೆ ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ನೀವು ಅಲ್ಲಿ ತಿದ್ದಿದ್ದರೆ ಕಣಕಾಲಿನ ನಮಸ್ಕಾರವೇ ನಮ್ಮಲ್ಲಿ ಹುಟ್ಟಿರುವುದಿಲ್ಲ. ಮಿಂಚವ್ವ ಬಗ್ಗದೆ ನೇರವಾಗಿ ಕಂಬಿ ಹಿಡಿದರೆ ಪತ್ರ ಮುಟ್ಟಿತೆಂದು ತಿಳಿಯುತ್ತೇನೆ. ಬಗ್ಗಿ ಕಣಕಾಲು ಮುಟ್ಟಿದರೆ, ನೀವು ಇದನ್ನು ಓದಿಯೂ ಸುಮ್ಮನಿದ್ದಿರೆಂದು ತಿಳಿಯುತ್ತೇನೆ.